ಬನ್ನಿ ಕೂತ್ಕೊಳ್ಳಿ ಎಂದ ಕಂಪ್ಯೂಟರ್

ಕನಸು ಕಾಣುವವರು ಮನೆಯೊಳಗೆ ಚಾಪೆ ಹಾಸಿ ಕಂಡರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಕಾಣುವುದು ಹಗಲಿನಲ್ಲಿ, ಅದೂ ಬಾಗಿಲು ತೆರೆದಿಟ್ಟ ಅಂಗಡಿಯಲ್ಲಿ. ಹಾಗಾಗಿ ನನ್ನನ್ನು ನೋಡಿ ನಗುವವರಿಗೆ ಈವರೆಗೆ ಬರಗಾಲ ಬಂದದ್ದಿಲ್ಲ.

ಕಬಕದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮನೆ ನರಿಮೊಗರು, ಹೆಂಡತಿಯ ತವರು ಮರ್ಕಂಜ. ಹೆಣ್ಣು ನೋಡಲು ಹೋದ ದಿನ ಮಾವ ಕೇಳಿದ್ದರು, "ಕೆಲಸ ಎಂತ?"

"ಕಂಪ್ಯೂಟರಿಗೆ ಸಿಸ್ಟಮ್ ಹಾಕಿಕೊಡುದು."

"ಆ ಸಿಸ್ಟಮ್ ನೀವೇ ಮಾಡಿದ್ದಾ?"

"ಅಲ್ಲ, ಬೇರೆಯವರು ಮಾಡಿದ್ದು."

"ಓ, ಹಾಕುದು ಮಾತ್ರ."

ಮಾವ ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ, ಆ ಮುಟ್ಟಾಳೆಯನ್ನೂ ತಾವೇ ಹೊಲಿದುಕೊಳ್ಳುವ ಮನುಷ್ಯ. ಮಗಳನ್ನೇನೋ ಸಂತೋಷದಿಂದಲೇ ಕೊಟ್ಟರು. ಆದರೆ ಆ "ಹಾಕುದು ಮಾತ್ರ" ಎಂಬ ಮಾತು ಹದಿನಾರು ವರ್ಷ ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು.

ಶುರುವಾದದ್ದು

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಎದುರಿನ ಕಪ್ಪು ಪರದೆಯ ಮೇಲೆ ಸಣ್ಣ ಗೆರೆಯೊಂದು ಮಿಣಮಿಣ ಎನ್ನುತ್ತಿತ್ತು. ಅದನ್ನೇ ನೋಡುತ್ತಾ ಕೂತವನಿಗೆ, ಆ ಕಪ್ಪಿನ ಒಳಗೆ ಯಾರೂ ಕಾಲಿಡದ ಒಂದು ಖಾಲಿ ಜಾಗ ಉಂಟು, ಅಲ್ಲಿ ನಾನೊಂದು ಮನೆ ಕಟ್ಟಬಹುದು ಅನಿಸಿತು. ಕಂಪ್ಯೂಟರಿನಲ್ಲಿ ಕರ್ನೆಲ್ ಅಂತ ಒಂದಿರುತ್ತದೆ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ಎಲ್ಲವನ್ನೂ ನೋಡಿಕೊಳ್ಳುವ ಯಜಮಾನ ಅದು. ಅದನ್ನೇ ಸ್ವಂತ ಕೈಯಿಂದ ಬರೆದರೆ ಮಾವ ಇನ್ನೇನು ಹೇಳಿಯಾರು?

ಅಂದೇ ಕಲಿಯಲು ಶುರುಮಾಡಿದೆ. ಹೆಂಡತಿ ಕೇಳಿದಳು, "ಇದು ಆದ ಮೇಲೆ ಎಂತ ಮಾಡ್ತದೆ?"

"ಮೊದಲಿಗೆ ಎಂತದೂ ಮಾಡುದಿಲ್ಲ. ಸುಮ್ಮನೆ ಇರ್ತದೆ."

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಸುಮ್ಮನೆ ಇರುವವರು ಮನೆಯಲ್ಲಿ ಈಗಲೇ ಒಬ್ಬರು ಉಂಟಲ್ಲ."

ಎದ್ದು ಮಲಗುವ ಕಾಯಿಲೆ

ಎರಡು ವಾರ ಕೂತು ಬರೆದ ನನ್ನ ಮೊದಲ ಕರ್ನೆಲನ್ನು ಅಂಗಡಿಯ ಹಳೆಯ ಕಂಪ್ಯೂಟರಿಗೆ ಹಾಕಿದೆ. ಕಂಪ್ಯೂಟರ್ ಎದ್ದಿತು, ಆರಿತು, ಪುನಃ ಎದ್ದಿತು, ಪುನಃ ಆರಿತು. ಬರೆದದ್ದರಲ್ಲಿ ಎಲ್ಲೋ ಒಂದು ತಪ್ಪು. ಅದು ಎದುರಾದ ಕೂಡಲೇ ಯಂತ್ರ ಗಾಬರಿಬಿದ್ದು ಮೊದಲಿನಿಂದ ಶುರುಮಾಡುತ್ತಿತ್ತು. ಆದರೂ ನನಗೆ ಖುಷಿಯೇ. ಅದು ಗಾಬರಿಬಿದ್ದದ್ದು ನನ್ನ ಮಾತಿಗಲ್ಲವೇ? ತೊಟ್ಟಿಲಿನ ಮಗುವನ್ನು ನೋಡುವ ಹಾಗೆ ನೋಡುತ್ತಾ ಕೂತಿದ್ದೆ.

ಅಷ್ಟರಲ್ಲಿ ಕಡಬದಿಂದ ಟೀಚರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. "ಇದು ತನ್ನಷ್ಟಕ್ಕೇ ಆಫ್ ಆಗಿ ಆನ್ ಆಗ್ತದೆ ಮಾರಾಯ್ರೆ. ಕಡಬದಲ್ಲಿ ಯಾರಿಗೂ ಆಗ್ಲಿಲ್ಲ. ನಿಮ್ಮ ಹೆಸರು ಹೇಳಿದ್ರು."

ಹೇಳುತ್ತಾ ಹೇಳುತ್ತಾ ಅವರ ಕಣ್ಣು ನನ್ನ ಮೇಜಿನ ಕಡೆ ಹೋಯಿತು. "ಅಯ್ಯೋ, ಅದಕ್ಕೂ ಇದೇ ಕಾಯಿಲೆಯಾ?"

ನಾನು ಹೆಮ್ಮೆಯಿಂದ, "ಇಲ್ಲ ಟೀಚರೇ, ಅದು ಹಾಗೆ ಆಗುದು ನಾನು ಮಾಡಿದ್ದರಿಂದ. ಎರಡು ವಾರ ಹಿಡಿಯಿತು" ಎಂದೆ.

ಟೀಚರು ಲ್ಯಾಪ್‌ಟಾಪನ್ನು ಮೆಲ್ಲಗೆ ಚೀಲದೊಳಗೆ ಹಾಕಿ ಜಿಪ್ ಎಳೆದರು. "ನನ್ನದು ಎರಡೇ ದಿನದಲ್ಲಿ ಹಾಗೆ ಆಯ್ತು. ನಾನು ಬರ್ತೇನೆ."

ಮೂಲೆಯ ಚುಕ್ಕೆ

ತಪ್ಪು ಸಿಗಲು ಮತ್ತೊಂದು ತಿಂಗಳು ಬೇಕಾಯಿತು. ಕೊನೆಗೊಂದು ದಿನ ಯಂತ್ರ ಎದ್ದಿತು, ಆರಲಿಲ್ಲ. ಪರದೆಯ ಎಡಮೂಲೆಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಹೊತ್ತಿಕೊಂಡಿತು. ಆ ಚುಕ್ಕೆಯನ್ನು ಅಲ್ಲಿಟ್ಟದ್ದು ನಾನು, ಬೇರೆ ಯಾರೂ ಅಲ್ಲ. ನನಗೆ ಕಣ್ಣು ತುಂಬಿ ಬಂತು. ಅಂಗಡಿಗೆ ಅರ್ಧ ಬಾಗಿಲೆಳೆದು ನರಿಮೊಗರಿಗೆ ಓಡಿ, ಕೈಯ ಕೆಲಸ ಬಿಡಿಸಿ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ.

"ಎಲ್ಲಿ?" ಎಂದಳು.

"ನೋಡು, ಆ ಮೂಲೆಯಲ್ಲಿ."

ಅವಳು ಬಗ್ಗಿ ನೋಡಿ, ಸೆರಗಿನ ತುದಿಯಿಂದ ಗಟ್ಟಿಯಾಗಿ ಎರಡು ಸಲ ಒರಸಿದಳು. ಹೋಗಲಿಲ್ಲ. "ಸುಣ್ಣ ಇರ್ಬೇಕು. ಒದ್ದೆ ಬಟ್ಟೆ ಉಂಟಾ?"

ಹೂವಿಲ್ಲದೆ ಆಗದು

ಚುಕ್ಕೆ ಬಂದ ಮೇಲೆ ಅಕ್ಷರ ಬರಬೇಡವೇ? ನನ್ನ ಕರ್ನೆಲಿಗೆ ಕನ್ನಡ ಎಲ್ಲಿಂದ ಬರಬೇಕು, ಪ್ರತಿ ಅಕ್ಷರವನ್ನೂ ಚುಕ್ಕೆ ಚುಕ್ಕೆಯಾಗಿ ನಾನೇ ಬಿಡಿಸಬೇಕು. ನಾನು ಬಿಡಿಸಿದ "ಬ" ಕಾಲು ಮುರಿದ ಸ್ಟೂಲಿನ ಹಾಗಿತ್ತು.

ಹೆಂಡತಿಗೆ ಬಟ್ಟೆಯ ಚೌಕ ಎಣಿಸಿ ಕಸೂತಿ ಹಾಕುವ ಕ್ರಾಸ್ ಸ್ಟಿಚ್ ಗೊತ್ತು. ನಮ್ಮ ಜಗಲಿಯ ಗೋಡೆಯಲ್ಲಿ ಅವಳು ಮದುವೆಗೆ ಮೊದಲು ಹಾಕಿದ "ಸುಸ್ವಾಗತ" ಈಗಲೂ ಕಟ್ಟಿನೊಳಗೆ ನೇತಾಡುತ್ತಿದೆ. ಅವಳು ಚೌಕದ ಗಣಿತ ಪುಸ್ತಕ ತೆಗೆದು, ಒಂದೊಂದೇ ಮನೆ ತುಂಬಿಸುತ್ತಾ ಒಂದು ಸಂಜೆಯಲ್ಲಿ "ಬನ್ನಿ, ಕೂತ್ಕೊಳ್ಳಿ" ಎಂದು ಮುತ್ತಿನಂತೆ ಬಿಡಿಸಿಕೊಟ್ಟಳು. ಜೊತೆಗೆ ಕೆಳಗಿನ ಮೂಲೆಯಲ್ಲಿ ಎರಡು ಎಲೆಯ ಒಂದು ಗುಲಾಬಿ.

"ಹೂ ಯಾಕೆ?"

"ಇಲ್ಲದಿದ್ರೆ ಬೋಳು ಬೋಳು ಕಾಣ್ತದೆ."

ಹಾಗಾಗಿ ನನ್ನ ಕರ್ನೆಲಿನಲ್ಲಿ ಫೈಲಿಲ್ಲ, ಮೌಸಿಲ್ಲ, ಇಂಟರ್ನೆಟ್ ಇಲ್ಲ. ಗುಲಾಬಿ ಉಂಟು.

ಮಾವ ಕೂತರು

ಸೋಮವಾರ ಪುತ್ತೂರು ಸಂತೆಗೆ ಬಂದ ಮಾವನನ್ನು ಅಂಗಡಿಗೆ ಕರೆಸಿದೆ. ಹೆಂಡತಿಯೂ ಬಂದಿದ್ದಳು. ಸ್ವಿಚ್ ಹಾಕಿದೆ. "ಬನ್ನಿ, ಕೂತ್ಕೊಳ್ಳಿ" ಎಂದು ಬಂತು, ಮೂಲೆಯಲ್ಲಿ ಹೂ ಅರಳಿತು.

ಮಾವ ಓದಿದರು, ಕುರ್ಚಿ ಎಳೆದು ಕೂತರು. ಮುಟ್ಟಾಳೆ ತೆಗೆದು ತೊಡೆಯ ಮೇಲಿಟ್ಟು ಪರದೆಯನ್ನೇ ನೋಡಿದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಅವರೂ ನನ್ನ ಹಾಗೆ ಆ ಕಪ್ಪಿನೊಳಗಿನ ಖಾಲಿ ಜಾಗ ನೋಡುತ್ತಿದ್ದಾರೆ ಎಂದು ನಾನು ಉಬ್ಬಿಹೋದೆ.

ಕಾಲು ಗಂಟೆ ಕಳೆದ ಮೇಲೆ ಮಾವ ಎದ್ದು ಮುಟ್ಟಾಳೆ ಹಾಕಿಕೊಂಡರು. "ಅಳಿಯಾ, ಕೂತ್ಕೊಳ್ಳಿ ಅಂತ ಹೇಳಿತು, ಕೂತೆ. ಬಾಯಾರಿಕೆಗೆ ಎಂತ ಬೇಕು ಅಂತ ಇಷ್ಟು ಹೊತ್ತಾದ್ರೂ ಕೇಳ್ಲಿಲ್ಲ. ಇದು ಯಾವ ಊರಿನ ಮರ್ಯಾದಿ?"

ಬಾಯಾರಿಕೆ

ಕೇಳುವುದು ಸುಲಭ, ಉತ್ತರ ತೆಗೆದುಕೊಳ್ಳುವುದು ಕಷ್ಟ. ಬೆರಳು ಒತ್ತಿದ್ದು ತಿಳಿಯಬೇಕಾದರೆ ಕರ್ನೆಲಿಗೆ ಕೀಬೋರ್ಡ್ ಎಂದರೇನು ಎಂಬುದನ್ನೇ ಕಲಿಸಬೇಕು. ಅದಕ್ಕೆ ಮೂರು ತಿಂಗಳು. ಬಸ್ಸಿನಲ್ಲಿ, ಊಟದಲ್ಲಿ, ಗಿರಾಕಿ ಮಾತಾಡುವಾಗ, ಎಲ್ಲೆಲ್ಲೂ ನನಗೆ ಅದೇ ಧ್ಯಾನ. ಕೊನೆಗೆ ಪುನಃ ಒಂದು ಸೋಮವಾರ ಮಾವ ಬಂದರು. ಈ ಸಲವೂ ಆಗದಿದ್ದರೆ ಇನ್ನು ಹದಿನಾರು ವರ್ಷ ನಾನು ಬರೇ ಹಾಕುವವನೇ. ಹೆಂಡತಿ ಯಾವುದಕ್ಕೂ ಇರಲಿ ಎಂದು ಚೆಂಬಿನಲ್ಲಿ ಮಜ್ಜಿಗೆ ತಂದಿದ್ದಳು.

ಸ್ವಿಚ್ ಹಾಕಿದೆ. "ಬನ್ನಿ, ಕೂತ್ಕೊಳ್ಳಿ." ಮಾವ ಕೂತರು. ಕೆಳಗೆ ಹೆಂಡತಿಯೇ ಬಿಡಿಸಿಕೊಟ್ಟ ಇನ್ನೊಂದು ಸಾಲು ಬಂತು: "ಬಾಯಾರಿಕೆಗೆ ಎಂತ ಬೇಕು? ೧. ಬೆಲ್ಲ, ನೀರು. ೨. ಮಜ್ಜಿಗೆ."

ಮಾವ ತೋರುಬೆರಳಿನಿಂದ ೨ನೆಯದನ್ನು ಒತ್ತಿ, ಬೆರಳು ತೆಗೆದರು. ಪರದೆಯ ಮೇಲೆ ಬಂತು: "ಒಂದು ಗ್ಲಾಸ್ ಮಜ್ಜಿಗೆ." ಅದರ ಕೆಳಗೆ ತಕ್ಷಣ ಮತ್ತೊಮ್ಮೆ: "ಒಂದು ಗ್ಲಾಸ್ ಮಜ್ಜಿಗೆ."

ನನ್ನ ಜೀವ ಹೋಯಿತು. "ತಪ್ಪಾಯ್ತು ಮಾವ. ಒತ್ತಿದಾಗ ಒಂದು ಸಲ, ಬೆರಳು ತೆಗೆದಾಗ ಒಂದು ಸಲ, ಎರಡು ಲೆಕ್ಕ ಹಿಡೀತದೆ. ನಾಳೆ ಸರಿ ಮಾಡ್ತೇನೆ."

"ತಪ್ಪಾ?" ಮಾವ ನನ್ನ ಕಡೆ ತಿರುಗಿದರು. "ನೆಂಟರಿಗೆ ಒಂದೇ ಗ್ಲಾಸ್ ಕೊಟ್ಟು ಸುಮ್ಮನಾದ್ರೆ ಅದು ತಪ್ಪು. ಬೇಡ ಅಂದ್ರೂ ಎರಡನೆಯದು ಹಾಕ್ಬೇಕು. ಇದಕ್ಕೆ ಅದು ಗೊತ್ತುಂಟು." ಪರದೆಗೆ ಬೆರಳು ತೋರಿಸಿ ಕೇಳಿದರು, "ಇದು ನೀವೇ ಮಾಡಿದ್ದಾ?"

ಹದಿನಾರು ವರ್ಷದಿಂದ ಕಾಯುತ್ತಿದ್ದ ಮಾತು. "ಹೌದು ಮಾವ, ನಾನೇ ಮಾಡಿದ್ದು" ಎಂದೆ.

"ಹಾಗಾದ್ರೆ ಎಂತದೂ ಸರಿ ಮಾಡ್ಬೇಡಿ, ಹೀಗೇ ಇರ್ಲಿ" ಎಂದು ಮಾವ, ಮಗಳು ಹೊಯ್ದುಕೊಟ್ಟ ಎರಡು ಗ್ಲಾಸ್ ಮಜ್ಜಿಗೆಯನ್ನೂ ಕುಡಿದು ಮುಗಿಸಿದರು. ಮೀಸೆ ಒರಸಿಕೊಂಡು, ಮಗುವಿನ ಉತ್ಸಾಹದಿಂದ ಪುನಃ ಬೆರಳೆತ್ತಿದರು. "ಇನ್ನೊಮ್ಮೆ ಒತ್ತಿದ್ರೆ ಪುನಃ ಎರಡು ಬರ್ತದಾ?"

ಹೆಂಡತಿ ಕೀಬೋರ್ಡನ್ನು ಅವರ ಕೈಯಡಿಯಿಂದ ಎಳೆದೇಬಿಟ್ಟಳು. "ಬರ್ತದೆ ಅಪ್ಪ. ಆದ್ರೆ ಚೆಂಬು ಖಾಲಿ!"