ಫಿಲ್ಟರಿನ ಹೊಟ್ಟೆ ಕೊಯ್ದ ಕಥೆ

"ಇನ್ನು ಮೇಲೆ ಈ ಮನೆಯ ಬೈಕು ಮೆಕ್ಯಾನಿಕ್ಕಿನ ಮುಖ ನೋಡುವುದಿಲ್ಲ!" ಎಂದು ಭಾನುವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಘೋಷಿಸಿದೆ. ಬೈಕು ನನ್ನದಲ್ಲ, ಹೆಂಡತಿಯದು. ಅವಳು ಆಸ್ಪತ್ರೆಯಲ್ಲಿ ನರ್ಸು. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು.

"ಎರಡು ಗಂಟೆಗೆ ಡ್ಯೂಟಿ ಇದೆ ರೀ. ನಾನು ಹೋದ್ಮೇಲೇ ಬೆಳಿಗ್ಗೆಯಿಂದ ವಾರ್ಡಲ್ಲಿ ನಿಂತಿರೋ ನರ್ಸು ಮನೆಗೆ ಹೋಗೋದು. ಲೇಟಾದ್ರೆ ಅವಳ ಶಾಪ ನಿಮಗೇ."

"ಆಯಿಲ್ ಇಳಿಸೋದು, ಫಿಲ್ಟರ್ ಬದಲಾಯಿಸೋದು. ಇದೇನು ಬ್ರಹ್ಮವಿದ್ಯೆನಾ?"

ಫಿಲ್ಟರನ್ನು ಹಿಂದಿನ ದಿನವೇ ತಂದಿದ್ದೆ. ಅಂಗಡಿಯವನು ಮೂರು ತಗಡಿನ ಡಬ್ಬಿ ಇಟ್ಟಾಗ ನಾನು ಎಲ್ಲಕ್ಕಿಂತ ಹೊಳೆಯುವುದಕ್ಕೆ ಕೈ ಹಾಕಿದೆ.

"ಅಂದ ನೋಡಿ ತಗೊಳ್ಳೋಕೆ ಇದೇನು ಹೂದಾನಿನಾ ಸರ್? ಇಂಜಿನ್ನಿನ ತಿರುಪಿಗೆ ಇದರ ಥ್ರೆಡ್ ಕೂರ್ಬೇಕು. ಇದು ತಗೊಳ್ಳಿ. ರಬ್ಬರಿಗೆ ಒಂಚೂರು ಆಯಿಲ್ ಸವರಿ ಕೈಯಲ್ಲೇ ಬಿಗೀರಿ."

"ಒಳಗೇನಿರುತ್ತೆ?"

"ಕಾಗದ ಸರ್. ಮಡಿಕೆ ಮಡಿಕೆ ಕಾಗದ."

ಕಾಗದ! ಇಪ್ಪತ್ತು ವರ್ಷದಿಂದ ಕಾಗದ ಮಡಿಸುತ್ತಿರುವವನ ಕಿವಿ ನೆಟ್ಟಗಾಯಿತು. ಎಷ್ಟು ಮಡಿಕೆ? ಯಾವ ಅಂಟು? ಕೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಸರಿ, ಹಳೆಯ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ಹೊಟ್ಟೆ ಕೊಯ್ದು ನಾನೇ ನೋಡುವುದೆಂದು ತೀರ್ಮಾನಿಸಿದೆ.

ಕಪ್ಪು ಆಯಿಲ್ ಟಬ್ಬಿಗೆ ಇಳಿಯಿತು. ಹಳೆಯ ಫಿಲ್ಟರ್ ಕೈಗೆ ಬಂತು. ಆದರೆ ಕೊಳಕು ವಸ್ತುವನ್ನು ನನ್ನ ಮೇಜಿನ ಮೇಲೆ ಇಡುವುದುಂಟೇ? ಸೀಮೆಎಣ್ಣೆಯಲ್ಲಿ ಮುಳುಗಿಸಿ, ಉಜ್ಜಿ, ಒರೆಸಿ, ಫಳಫಳ ಹೊಳೆಯುವಂತೆ ಮಾಡಿದೆ. ಹೊಸದರ ರಬ್ಬರಿಗೆ ಆಯಿಲ್ ಸವರಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ದೂರ ನಿಂತು ನೋಡಿದರೆ, ಅಬ್ಬಾ, ಥೇಟ್ ಅವಳಿ ಜವಳಿ! ಅದೇ ಸಂಭ್ರಮದಲ್ಲಿ ಒಂದನ್ನು ಇಂಜಿನ್ನಿಗೆ ಬಿಗಿದು, ಇನ್ನೊಂದನ್ನು ಗರಗಸಕ್ಕೆ ಒಪ್ಪಿಸಿದೆ.

ಡಬ್ಬಿ ಎರಡು ಹೋಳಾಯಿತು. ಒಳಗೆ ಅರವತ್ತೆರಡು ಮಡಿಕೆ! ಎರಡು ಸಲ ಎಣಿಸಿದೆ. ಒಂದೂ ಸೊಟ್ಟಗಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸ ಜನ್ಮದಲ್ಲಿ ನನ್ನ ಕೈಯಿಂದ ಆಗಿಲ್ಲ, ನಿಜಕ್ಕೂ ಹೊಟ್ಟೆಕಿಚ್ಚಾಯಿತು.

"ಬಾರೇ ಇಲ್ಲಿ! ನಿನ್ನ ಇಂಜಿನ್ ಎಷ್ಟು ಶುದ್ಧವಾಗಿದೆ ನೋಡು. ಒಂದು ಚುಕ್ಕೆ ಕೊಳೆ ಇಲ್ಲ!"

ಅವಳು ಬಗ್ಗಿ ನೋಡಿದಳು. "ವರ್ಷ ಓಡಿದ ಫಿಲ್ಟರ್ ಇಷ್ಟು ಬೆಳ್ಳಗಿರುತ್ತೇನ್ರೀ?"

"ನೀನು ಗಾಡಿ ಓಡಿಸೋದೇ ಅಷ್ಟು ನಾಜೂಕು ಕಣೇ."

"ಕೊಳೆ ಹಿಡಿಯೋಕೆ ತಾನೇ ಅದಿರೋದು? ಹಿಡಿದ ಕೊಳೆ ಎಲ್ಲಿ?"

ನಾನು ಇಂಜಿನ್ನಿನ ಕಡೆ ಬಗ್ಗಿ ನೋಡಿದೆ. ಕೊಯ್ದದ್ದು ಹೊಸದನ್ನು! ಇಂಜಿನ್ನಿನಲ್ಲಿ ಕೂತಿರುವುದು ನಾನು ಸ್ನಾನ ಮಾಡಿಸಿದ ಹಳೆಯದು!

"ಇವತ್ತೊಂದು ದಿನ ಅದೇ ಇರಲಿ..." ಎಂದು ರಾಗ ಎಳೆದೆ.

"ಸೀಮೆಎಣ್ಣೆ ಕುಡಿದಿರೋದಾ? ದಾರೀಲಿ ಇಂಜಿನ್ ಕೈ ಕೊಟ್ರೆ ನೀವು ನನ್ನ ಹೊತ್ಕೊಂಡು ಹೋಗ್ತೀರಾ?"

ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ ಬಾಕಿ. ಭಾನುವಾರ ಅಂಗಡಿ ಒಂದಕ್ಕೇ ಮುಚ್ಚುತ್ತದೆ. ಇರಲಾರದೆ ಇರುವೆ ಬಿಟ್ಟುಕೊಂಡವನು ಇನ್ನೇನು ಮಾಡಬೇಕು? ಓಡಿದೆ! ಮೊಣಕೈವರೆಗೆ ಆಯಿಲ್, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು. ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅದರಡಿ ನುಸುಳಿ, "ನಿನ್ನೆ ಕೊಟ್ಟಿದ್ದೇ ಇನ್ನೊಂದು ಕೊಡಪ್ಪಾ, ನಿನ್ನ ದಮ್ಮಯ್ಯ!" ಎಂದೆ.

ಅವನು ಕೂತಲ್ಲಿಂದಲೇ ಕಟ್ಟಿಟ್ಟಿದ್ದ ಪೊಟ್ಟಣ ಮುಂದಕ್ಕೆ ತಳ್ಳಿದ. "ಬನ್ನಿ ಸರ್, ನಿಮಗೋಸ್ಕರವೇ ಕಾಯ್ತಿದ್ದೆ."

"ನಾನು ಬರ್ತೀನಿ ಅಂತ ನಿನಗೆ ಹೇಗಪ್ಪಾ ಗೊತ್ತು?"

"ನಿನ್ನೆ ಸಂಜೆ ಡ್ಯೂಟಿ ಮುಗಿಸ್ಕೊಂಡು ಹೋಗ್ತಾ ಸಿಸ್ಟರ್ ಬಂದಿದ್ರು ಸರ್. ನೀವು ಮಡಿಕೆ ಎಷ್ಟು, ಅಂಟು ಯಾವುದು ಅಂತ ಕೇಳಿದ್ದನ್ನ ಹೇಳಿದ ಕೂಡಲೇ ನಕ್ಕು ಹೇಳಿಹೋದ್ರು, 'ಇನ್ನೊಂದು ತೆಗೆದಿಡಿ. ಮೊದಲನೇದು ನಮ್ಮನೆಯವರು ಕೊಯ್ಯೋಕೆ, ಎರಡನೇದು ಗಾಡಿಗೆ' ಅಂತ!"