ನೇಮಣ್ಣ ಹಿಡಿದ ಸೊಳ್ಳೆ

ಸೊಳ್ಳೆ ಹಿಡಿಯುವ ಕೆಲಸದಲ್ಲೂ ಹೊಟ್ಟೆಕಿಚ್ಚು ಹುಟ್ಟುತ್ತದೆಂದು, ೧೯೨೭ರಲ್ಲಿ ಬೆಳಗಾವಿಯ ಜ್ವರ ತಪಾಸಣೆ ಕಚೇರಿ ಸೇರುವ ತನಕ ನೇಮಣ್ಣನಿಗೆ ಗೊತ್ತಿರಲಿಲ್ಲ.

ನೇಮಣ್ಣ ಬೆಳಗಾವಿಯಲ್ಲಿ ತನ್ನ ಓಣಿಯ ಸೊಳ್ಳೆ ಹಿಡಿಯಬೇಕು, ಜೊತೆಯ ನೌಕರ ಗುರುಪಾದಪ್ಪ ಖಾನಾಪುರದ್ದು. ಗಾಜಿನ ನಳಿಗೆಗೆ ತಂತಮ್ಮ ಹೆಸರಿನ ಚೀಟಿ ಅಂಟಿಸಿ ಇಟ್ಟರೆ, ಡಾಕ್ಟರ್ ಚನ್ನಬಸಯ್ಯನವರು ಸೊಳ್ಳೆಯ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಚಳಿಜ್ವರದ ಕ್ರಿಮಿ ಹುಡುಕುವರು. ನೇಮಣ್ಣ ಜೈನ. ಹಿಡಿಯುವುದಷ್ಟೇ ತನ್ನದು, ಕೊಲ್ಲುವ ಪಾಪ ಡಾಕ್ಟರರದು ಎಂದು ಹೆಂಡತಿ ಅಕ್ಕಾತಾಯಿಯನ್ನು ನಂಬಿಸಿದ್ದ.

ಆದರೆ ಅವನ ಸೊಳ್ಳೆಗಳೂ ಅವನಷ್ಟೇ ಸಾಧುಗಳು. ಮೂರು ತಿಂಗಳಾದರೂ ಒಂದರಲ್ಲೂ ಕ್ರಿಮಿಯಿಲ್ಲ. ಗುರುಪಾದಪ್ಪನವುಗಳಲ್ಲಿ ವಾರವಾರವೂ ಉಂಟು. ಡಾಕ್ಟರರು ಅವನಿಗೆ ಶಾಬಾಸ್ ಹೇಳಿದಾಗಲೆಲ್ಲ ನೇಮಣ್ಣನಿಗೆ ಉಂಡದ್ದು ಅರಗುತ್ತಿರಲಿಲ್ಲ. ಗುರುಪಾದಪ್ಪನ ರುಮಾಲು ಕಂಡರೂ ಉರಿ, ನಗೆ ಕೇಳಿದರೂ ಉರಿ. ಮೇಲಾಗಿ ಈ ಸೋಮವಾರದ ತಪಾಸಣೆ ನೋಡಿ ಇಬ್ಬರಲ್ಲೊಬ್ಬನನ್ನು ಹೆಡ್ ಕಾರಕೂನ ಮಾಡುವುದೆಂದು ಡಾಕ್ಟರರು ಸಾರಿಬಿಟ್ಟಿದ್ದರು.

ಸೋಮವಾರ ಬೆಳಿಗ್ಗೆ ಗುರುಪಾದಪ್ಪ ರೈಲಿನಿಂದಿಳಿದು ಬಂದು, ನಳಿಗೆಗಳನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋದ. ಕೋಣೆಯಲ್ಲಿ ಯಾರೂ ಇರಲಿಲ್ಲ. ನೇಮಣ್ಣ ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಚೀಟಿಗಳನ್ನು ಮೆಲ್ಲಗೆ ಕಿತ್ತು, ತನ್ನದನ್ನು ಅವನ ನಳಿಗೆಗಳಿಗೆ, ಅವನದನ್ನು ತನ್ನವಕ್ಕೆ ಅಂಟಿಸಿಬಿಟ್ಟ.

ಮಧ್ಯಾಹ್ನ ಡಾಕ್ಟರರು ಅವನನ್ನು ಕರೆದರು.

"ನೇಮಣ್ಣ, ನಿಮ್ಮ ಸೊಳ್ಳಿ ಎಲ್ಲಾದರಾಗೂ ಕ್ರಿಮಿ ಅದಾವ. ಖರೇ ಹೇಳ್ರಿ, ಎಲ್ಲಿ ಹಿಡದ್ರಿ?"

ನೇಮಣ್ಣ ಎದೆಯುಬ್ಬಿಸಿದ. "ನಮ್ಮ ಮನ್ಯಾಗರೀ. ಬಾವಿ ಬಾಜೂಕ."

"ಹಂಗಾರ ಆ ಬಾವಿ ಇವತ್ತ ಮುಚ್ಚಬೇಕ. ಮನಿಗೆ ಗಂಧಕದ ಹೊಗಿನೂ ಹಾಕಬೇಕ."

ತಾನು ಮಾಡಿಕೊಂಡದ್ದೇನೆಂದು ನೇಮಣ್ಣನಿಗೆ ಆಗ ಹೊಳೆಯಿತು. ಆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಜೀವಗಳನ್ನು ಮತ್ತೆ ಬಾವಿಗೇ ಬಿಟ್ಟು ಮೂರು ತಲೆಮಾರು ಕುಡಿದ ಮನೆ ಅವನದು. ನಿಜ ಹೇಳಿದರೆ ಬಾವಿ ಉಳಿದೀತು, ನೌಕರಿ ಉಳಿಯದು. ಅವನು ಬಾಯಿ ಮುಚ್ಚಿಕೊಂಡ.

ಸಂಜೆಯೊಳಗೆ ಓಣಿಯೇ ಅಂಗಳದಲ್ಲಿ ನೆರೆಯಿತು. ತನ್ನ ಮೊಮ್ಮಗನಿಗೆ ಬಂದ ಜ್ವರವೂ ಇವರ ಮನೆಯದೇ ಎಂದು ಪಕ್ಕದ ಮನೆಯ ಕಾಶವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕಾತಾಯಿ ಬಾವಿಕಟ್ಟೆಯ ಮೇಲೆ ಕುಳಿತವಳು ಏಳಲೊಲ್ಲಳು. ಗಂಧಕದ ಹೊಗೆಗೆ ಕೆಮ್ಮುತ್ತ ನೇಮಣ್ಣ ಒಂದೇ ಮಾತಿನಿಂದ ಸಮಾಧಾನಪಟ್ಟುಕೊಳ್ಳುತ್ತಿದ್ದ: ಬಾವಿ ಹೋದರೂ ಗುರುಪಾದಪ್ಪ ಇನ್ನು ತನ್ನ ಕೈಕೆಳಗೆ.

ಅಷ್ಟರಲ್ಲಿ ಗುರುಪಾದಪ್ಪನೇ ನಾಲ್ಕು ಆಳುಗಳೊಂದಿಗೆ ಬಂದ.

"ಖಾನಾಪುರದ ಸೊಳ್ಳ್ಯಾಗ ಈ ಸಲ ಒಂದೂ ಕ್ರಿಮಿ ಇಲ್ಲಂತರೀ, ನೇಮಣ್ಣ. ಸೊಳ್ಳಿ ಸಾಯ್ಲೆಂತ ನಾ ಹೊಂಡಕ್ಕ ಹಾಕಿಸಿದ ಚಿಮಣಿ ಎಣ್ಣಿ ಕೆಲಸ ಮಾಡೇತಿ ಅಂತ ಡಾಕ್ಟರು ನನ್ನ ಹೆಡ್ ಕಾರಕೂನ ಮಾಡ್ಯಾರ. ಮೊದಲನೇ ಕೆಲಸ ಇದನ್ನ ಹಚ್ಯಾರ ನೋಡ್ರಿ."

ಆಳುಗಳು ಬಾವಿಯ ಬಾಯಿಗೆ ಹಾಸುಗಲ್ಲು ತಂದಿದ್ದರು. ಒಂದು ಮೂಲೆ ಎತ್ತಲು ಕೈ ಸಾಲದೆ, ಹೊಸ ಸಾಹೇಬ ನೇಮಣ್ಣನಿಗೆ ಕಣ್ಸನ್ನೆ ಮಾಡಿದ. ನೇಮಣ್ಣ ಹೋಗಿ ಹಿಡಿದ.