ರಸ್ತೆ ಬಿಟ್ಟ ಬೈಕು

ಒಂದು ವಾಹನ ಇನ್ನು ಮುಂದೆ ರಸ್ತೆಗೆ ಇಳಿಯುವುದಿಲ್ಲ ಎಂಬುದಕ್ಕೆ ಪ್ರಮಾಣಪತ್ರ ಬೇಕಾದಲ್ಲಿ, ಸದರಿ ವಾಹನವನ್ನು ರಸ್ತೆಯ ಮೇಲೆಯೇ ತಂದು ಹಾಜರುಪಡಿಸತಕ್ಕದ್ದು. ಇದು ವಾಹನ ಕಚೇರಿಯ ನಿಯಮ. ಆ ಕಚೇರಿಯ ಗೇಟಿನ ಎದುರಿಗೆ ಮೂವತ್ತೆರಡು ವರ್ಷದಿಂದ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ನನಗೆ ಈ ನಿಯಮದಲ್ಲಿ ಯಾವ ದೋಷವೂ ಕಂಡಿಲ್ಲ. ದೋಷ ಕಂಡದ್ದು ನನ್ನ ಅಳಿಯನಿಗೆ.

ಅಳಿಯನಿಗೆ ಬೈಕಿನ ಹುಚ್ಚು. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗಿಸಲು ಹೋಗಿ, ಮೊಣಕೈಯನ್ನೂ ಎಡಗಡೆಯ ಕನ್ನಡಿಯನ್ನೂ ಹಾಲಿನ ವ್ಯಾನಿಗೆ ತಾಗಿಸಿಕೊಂಡು ಬಂದ. ಕನ್ನಡಿಗೆ ಗೀರು ಬಿತ್ತು, ಕೈಗೆ ಪ್ಲಾಸ್ಟರು ಬಿತ್ತು. ಪ್ಲಾಸ್ಟರು ಬಿಚ್ಚಿದ ದಿನವೇ ನನ್ನ ಮಗಳು ತೀರ್ಪು ಕೊಟ್ಟಳು: "ತಿಂಗಳ ಕೊನೆಯೊಳಗೆ ಅದು ರಸ್ತೆ ಬಿಡಬೇಕು. ಇಲ್ಲಾಂದ್ರೆ ಗುಜರಿಯವನನ್ನ ಕರೆದು ನಾನೇ ಎತ್ತಿ ಕೊಡ್ತೀನಿ."

ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ತಿಂಗಳ ಕೊನೆಯ ಭಾನುವಾರ ಅಲ್ಲಿ ಓಟ. ಬೈಕನ್ನು ಟ್ರ್ಯಾಕಿಗಷ್ಟೇ ಮೀಸಲು ಮಾಡಿಬಿಟ್ಟರೆ ಬೈಕೂ ಉಳಿಯುತ್ತದೆ, ಹೆಂಡತಿಯೂ ಉಳಿಯುತ್ತಾಳೆ ಎಂದು ಅಳಿಯ ಲೆಕ್ಕ ಹಾಕಿದ. ಟ್ರ್ಯಾಕಿನವರು ಕೇಳಿದ್ದು ಒಂದೇ ಕಾಗದ, ಆ ಪ್ರಮಾಣಪತ್ರ.

ನನ್ನ ಅಂಗಡಿಯ ಮುಂದೆಯೇ ಕೂತು, ಟ್ರ್ಯಾಕಿನಲ್ಲಿ ಇರಬಾರದ ಹೆಡ್‌ಲೈಟು, ಇಂಡಿಕೇಟರು, ಹಾರ್ನು, ಎರಡೂ ಕನ್ನಡಿ, ನಂಬರ್ ಪ್ಲೇಟು, ಸೈಡ್ ಸ್ಟ್ಯಾಂಡು ಎಲ್ಲ ಬಿಚ್ಚಿದ. ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಟ್ರ್ಯಾಕಿನ ಮೇಲೆ ಸೋರಿದರೆ ಹಿಂದೆ ಬರುವವರು ಜಾರುತ್ತಾರಂತೆ. ಅದನ್ನು ತೆಗೆದು ಬರೀ ನೀರು ತುಂಬಿಸಿದ. ಆಯಿಲ್ ಬೋಲ್ಟಿನ ತಲೆಗೆ ತೂತು ಕೊರೆದು, ಸಡಿಲವಾಗದ ಹಾಗೆ ತಂತಿ ಹೊಸೆದು ಕಟ್ಟಿದ. ಕೆಲಸ ಅಚ್ಚುಕಟ್ಟು. ಬಿಚ್ಚಿದ್ದನ್ನೆಲ್ಲ ನಾನು ಹಳೇ ಸಾಮಾನಿನ ದರಕ್ಕೆ ಕೊಂಡೆ. ಮನೆಯ ಅಳಿಯನೆಂದು ಹೆಚ್ಚು ಕೊಡಲಿಲ್ಲ. ಕಮ್ಮಿ ಕೊಡಲಿಲ್ಲ ಎನ್ನಲಾರೆ.

ಬೈಕು ತಳ್ಳಿಕೊಂಡು ರಸ್ತೆ ದಾಟಿದ. ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ.

"ಕನ್ನಡಿ ಎಲ್ಲಿ? ನಂಬರ್ ಎಲ್ಲಿ?"

"ಅದೇನೂ ಇಲ್ಲ ಅಂತ ಬರೆಸ್ಕೊಳ್ಳೋಕೇ ಬಂದಿರೋದು, ಅಣ್ಣಾ."

"ಬರೆಸ್ಕೊಳ್ಳಿ, ಯಾರು ಬೇಡ ಅಂದ್ರು? ಒಳಗೆ ಬರೋವಾಗ ಇರ್ಬೇಕು."

ಅಳಿಯ ವಾಪಸು ಬಂದ. ಅಷ್ಟರಲ್ಲಿ ಕನ್ನಡಿಗಳನ್ನು ಒರೆಸಿ ಷೋಕೇಸಿನಲ್ಲಿ ಇಟ್ಟಾಗಿತ್ತು.

"ಮಾವ, ಇದು ನನ್ನದೇ ಅಲ್ವಾ?"

"ಬೆಳಿಗ್ಗೆ ನಿಮ್ಮದಾಗಿತ್ತು, ಅಳಿಯಂದಿರೇ. ಈಗ ಸ್ಟಾಕು."

ಎಲ್ಲವನ್ನೂ ಕೊಂಡು, ಜೋಡಿಸಿ, ಒಳಗೆ ಹೋದ. ಅಲ್ಲಿನ ತಪಾಸಣಾಧಿಕಾರಿಗೆ ಮೊಹರು ಸಾಹೇಬರೆಂದು ಹೆಸರು. ಊಟಕ್ಕೆ ಹೋಗುವಾಗಲೂ ಮೊಹರು ಜೇಬಿನಲ್ಲೇ ಇರುತ್ತದೆ. ಅವರು ಬೈಕಿಗೆ ಒಂದು ಸುತ್ತು ಬಂದು, "ಎಲ್ಲಾ ಇದ್ಯಲ್ಲ. ಮಾರ್ಪಾಡು ಎಲ್ಲಿ?" ಎಂದರು.

ಅಂಗಳದಲ್ಲೇ ಕೂತು ಮತ್ತೆ ಎಲ್ಲ ಬಿಚ್ಚಿದ. ಸಾಹೇಬರು ನಮೂನೆ ತುಂಬತೊಡಗಿದರು.

"ಹಾರ್ನ್ ಹೊಡೀರಿ."

"ತೆಗೆದಿದ್ದೀನಿ, ಸಾರ್."

"ತೆಗೆದಿದ್ದು ಹಾರ್ನೇ ಅಂತ ನಾನು ಹೇಗ್ರೀ ನಂಬ್ಲಿ? ಹಾಕಿ, ಹೊಡೀರಿ, ತೆಗೀರಿ."

ಹಾಕಿದ, ಹೊಡೆದ. ಪಕ್ಕದ ಕೋಣೆಯಿಂದ ಯಾರೋ "ಇದು ನಿಶ್ಶಬ್ದ ವಲಯ ಕಣ್ರೀ!" ಎಂದು ಕೂಗಿ ದಂಡದ ಚೀಟಿ ಕಳಿಸಿದರು. ಹಾರ್ನು ಇತ್ತೆಂಬುದಕ್ಕೆ ಅದೇ ಚೀಟಿಯನ್ನು ಸಾಕ್ಷಿಯಾಗಿ ಲಗತ್ತಿಸಲಾಯಿತು. ಬಿಚ್ಚಿದ್ದೆಲ್ಲ ಮತ್ತೆ ಹಳೇ ಸಾಮಾನಿನ ದರಕ್ಕೆ ನನ್ನ ಅಂಗಡಿಗೇ ಬಂತು.

ಸ್ಟ್ಯಾಂಡು ತೆಗೆದ ಬೈಕು ತಾನಾಗಿ ನಿಲ್ಲುವುದಿಲ್ಲ. ಒರಗಿಸೋಣವೆಂದರೆ ಅದು ಸಾರ್ವಜನಿಕ ಗೋಡೆ. ಮಲಗಿಸಿದರೆ ಅಪಘಾತವೆಂದು ದಾಖಲಾಗುತ್ತದೆ. ಕಚೇರಿಗಿರುವ ಒಂಬತ್ತೂ ಕಿಟಕಿಗಳಲ್ಲಿ ಅರ್ಜಿದಾರನೇ ಖುದ್ದಾಗಿ ಸಹಿ ಹಾಕಬೇಕು. ಹೀಗಾಗಿ ನಾಲ್ಕು ದಿನ ನಾನೇ ಬೈಕು ಹಿಡಿದುಕೊಂಡು ನಿಂತೆ. ಅಂಗಡಿಯ ಸಾಮಾನನ್ನು ಹ್ಯಾಂಡಲಿಗೆ ನೇತುಹಾಕಿಕೊಂಡಿದ್ದರಿಂದ ವ್ಯಾಪಾರಕ್ಕೆ ತೊಂದರೆಯಾಗಲಿಲ್ಲ.

ಓಟಕ್ಕೆ ಒಂದೇ ದಿನ ಇರುವಾಗ, ಶನಿವಾರ, ಪತ್ರ ಕೈಗೆ ಬಂತು. "ಸದರಿ ವಾಹನವು ಯಾವ ಕಾರಣಕ್ಕೂ, ಯಾವ ರಸ್ತೆಯ ಮೇಲೂ, ಯಾವ ರೀತಿಯಲ್ಲೂ ಬರತಕ್ಕದ್ದಲ್ಲ." ಕೆಳಗೆ ಮೊಹರು. ಅಳಿಯ ಅದನ್ನು ಕಣ್ಣಿಗೊತ್ತಿಕೊಂಡು ಬೈಕನ್ನು ಗೇಟಿಗೆ ತಳ್ಳಿದ. ಕಾವಲುಗಾರ ಪತ್ರ ಓದಿದ. ತಿರುಗಿ ಆಚೆ ನೋಡಿದ.

"ಆಚೆ ಇರೋದು ರಸ್ತೆ."

"ಲಾರೀಲಿ ಹಾಕ್ಕೊಂಡು ಹೋಗ್ತೀನಿ."

"ಲಾರಿ ಯಾವುದರ ಮೇಲೆ ಹೋಗತ್ತೆ? 'ಯಾವ ರೀತಿಯಲ್ಲೂ' ಅಂತ ಬರ್ದಿದೆ, ಓದ್ಕೊಳ್ಳಿ."

ಅಳಿಯ ಒಳಗೆ ಓಡಿದ. "ಸಾರ್, ನಾಳೆ ಓಟ! ಪತ್ರ ರದ್ದು ಮಾಡ್ಕೊಡಿ."

"ಮಾಡೋಣ, ಅದಕ್ಕೇನಂತೆ. ಬೈಕು ರಸ್ತೆಗೆ ಯೋಗ್ಯ ಅಂತ ತೋರಿಸ್ಬೇಕು. ರಸ್ತೆ ಮೇಲೆ ಓಡಿಸಿ ತೋರಿಸಿ."

ಅಷ್ಟು ಹೊತ್ತಿಗೆ ಮಗಳು ಬಂದಳು. ಜೊತೆಯಲ್ಲಿ ಗುಜರಿಯವನು, ಕೈಯಲ್ಲಿ ಹಗ್ಗ.

"ಇದು ಇನ್ನು ರಸ್ತೆಗೆ ಬರತ್ತಾ, ಸಾರ್?"

"ಬರೋ ಹಾಗೇ ಇಲ್ಲಮ್ಮ. ಗುಜರಿಗೆ ಹೋಗೋದಕ್ಕೂ ಆಗಲ್ಲ."

"ಅಷ್ಟೇ ನನಗೆ ಬೇಕಾಗಿದ್ದು" ಎಂದು ಗುಜರಿಯವನನ್ನು ಹಿಂದಕ್ಕೆ ಕಳಿಸಿದಳು.

ಅಳಿಯ ಮೆಟ್ಟಿಲ ಮೇಲೆ ಕುಸಿದ. "ಉಳೀತು, ಸರಿ. ಇಲ್ಲೇ ನಿಂತಿದ್ರೆ ಏನ್ ಬಂತು?"

ಸಾಹೇಬರು ಗಂಭೀರರಾದರು. "ನಿಲ್ಲೋ ಹಾಗಿಲ್ಲ. ಇಲ್ಲಿ ಪಾರ್ಕಿಂಗ್ ನಿಷೇಧ. ಓಡ್ತಾನೇ ಇರ್ಬೇಕು."

ಸಂಜೆಯೊಳಗೆ ಪ್ರಕಟಣೆ ಅಂಟಿಸಲಾಯಿತು: "ಕಚೇರಿಯ ಸುತ್ತಲಿನ ಅಂಗಳವನ್ನು ಟ್ರ್ಯಾಕ್ ಎಂದು ಘೋಷಿಸಲಾಗಿದೆ. ಟ್ರ್ಯಾಕ್ ಬೈಕಿಗೆ ಹಾರ್ನು ಮತ್ತು ಕನ್ನಡಿ ನಿಷೇಧವಿರುವುದರಿಂದ, ಹಿಂದೆ ನೋಡಿಕೊಳ್ಳುವ ಜವಾಬ್ದಾರಿ ನಡೆದಾಡುವವರದು. ಅವರು ತಲಾ ಒಂದು ಕನ್ನಡಿ ಹಿಡಿದು ನಡೆಯತಕ್ಕದ್ದು."

ಭಾನುವಾರ ಅಳಿಯ ಒಬ್ಬನೇ ಓಡಿ ಎರಡನೇ ಸ್ಥಾನ ಪಡೆದ. ಮೊದಲನೇ ಸ್ಥಾನ ಮೇಲಧಿಕಾರಿಗಳ ಅನುಮೋದನೆಗೆ ಹೋಗಿದೆ.

ಈಗ ಒಳಗೆ ಇಂಥ ಹನ್ನೊಂದು ಬೈಕುಗಳಿವೆ. ಒಂದನೇ ಕಿಟಕಿಯಿಂದ ಒಂಬತ್ತನೇ ಕಿಟಕಿಗೆ ಕಡತಗಳನ್ನು ಅವೇ ಒಯ್ಯುತ್ತವೆ. ನಾಲ್ಕು ದಿನದ ಹಾದಿ ನಲವತ್ತು ಸೆಕೆಂಡಿಗೆ ಇಳಿದಿದೆ. ಆ ನಲವತ್ತು ಸೆಕೆಂಡನ್ನು ದೃಢೀಕರಿಸಲು ಹನ್ನೆರಡು ದಿನ ಹಿಡಿಯುತ್ತದೆ. ಜನ ಕನ್ನಡಿ ಹಿಡಿದು, ಹಿಂದೆ ನೋಡಿಕೊಂಡು, ಶಿಸ್ತಿನಿಂದ ಸಾಲಿಗೆ ಹೋಗುತ್ತಾರೆ. ಯಾರದೂ ತಕರಾರಿಲ್ಲ. ಕನ್ನಡಿ ನಮ್ಮ ಅಂಗಡಿಯಲ್ಲಿ ದೊರೆಯುತ್ತದೆ. ಹೊರಗೆ ಬಂದವರಿಂದ ಅರ್ಧ ದರಕ್ಕೆ ವಾಪಸು ಕೊಳ್ಳಲಾಗುತ್ತದೆ.

ಮೊನ್ನೆ ಅಳಿಯನೂ ಒಂದು ಕೊಂಡ. ಬೈಕಿನಿಂದ ಇಳಿದ ಮೇಲೆ ಅವನೂ ಗೇಟಿನವರೆಗೆ ನಡೆಯಬೇಕಲ್ಲ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಎಡಗಡೆಯದು, ಹಾಲಿನ ವ್ಯಾನಿನ ಗೀರು ಹಾಗೇ ಇತ್ತು. ಗೀರಿನ ಮೇಲೆ ಬೆರಳಾಡಿಸಿದ. ನನ್ನದೇ ಅಲ್ವಾ ಎಂದು ಈ ಸಲ ಕೇಳಲಿಲ್ಲ.

"ಸದ್ಯ, ಸ್ಟಾಕ್ ಇದ್ಯಲ್ಲ ಮಾವ" ಎಂದ.